ಮಡಕೆ ಚೂರು ಹೇಳಿದ್ದು, ಬಾಟಲಿ ಹೇಳದ್ದು

ದಾವೀದ ಅರಸನೂ ಯೇಸುವೂ ಕುಡಿದ ವೈನ್ ಮತ್ತೆ ಬಂತು. ಇಸ್ರೇಲಿನ ರೆಕನಾಟಿ ವೈನರಿ 2014ರ ಫಸಲಿನಿಂದ 'ಮರಾವಿ' ಎಂಬ ಬಿಳಿ ವೈನ್ ಮಾಡಿದಾಗ ಹಬ್ಬಿದ ಸುದ್ದಿಯ ಸಾರಾಂಶ ಇದು. ಸುದ್ದಿ ಚೆನ್ನಾಗಿದೆ. ಆದರೆ ಶಾಸನ ಓದುವ ಚಟ ಇರೋ ನಾನು ಮೊದಲು ಕೇಳೋ ಪ್ರಶ್ನೆ ಒಂದೇ: ಇದು ಯಾವ ಬರಹದಲ್ಲಿದೆ?

ಆ ನೆಲದ ದ್ರಾಕ್ಷಾರಸದ ಬಗ್ಗೆ ನಮಗಿರುವ ಅತಿ ಮುಖ್ಯ ಬರಹಗಳೆಂದರೆ ಸಮಾರಿಯದ ಮಡಕೆ ಚೂರುಗಳು. ನಾಬ್ಲುಸ್ ಹತ್ತಿರದ ಸೆಬಾಸ್ತಿಯಾದಲ್ಲಿ 1910ರಲ್ಲಿ ರೈಸ್ನರ್ ನೇತೃತ್ವದ ಹಾರ್ವರ್ಡ್ ತಂಡಕ್ಕೆ ಸಿಕ್ಕವು. ಆಗ ಅದು ಆಟೋಮನ್ ಆಡಳಿತದ ಪ್ರದೇಶ, ಹಾಗಾಗಿ ಚೂರುಗಳು ಹೋಗಿ ಸೇರಿದ್ದು ಇಸ್ತಾಂಬುಲ್‌ಗೆ. ಕಾಲ ಕ್ರಿ.ಪೂ. 8ನೇ ಶತಮಾನ. ಶಾಯಿಯಲ್ಲಿ ಗೀಚಿದ ನಾಲ್ಕಾರು ಸಾಲು: ಆಳ್ವಿಕೆಯ ಇಂತಿಷ್ಟನೇ ವರ್ಷ (9, 10, 15), ಇಂಥ ಊರಿಂದ, ಇಂಥವನಿಗೆ, 'ನೆಬೆಲ್ ಯೇನ್ ಯಾಶಾನ್', ಅಂದರೆ ಒಂದು ಹೂಜಿ ಹಳೆಯ ದ್ರಾಕ್ಷಾರಸ. ಸ್ವರಗಳು ನಾವು ತುಂಬಿಕೊಂಡದ್ದು, ಬರೆದಿರುವುದು ವ್ಯಂಜನ ಮಾತ್ರ. ಜೆರುಸಲೇಮ್ ಕಡೆಯವರು ದ್ರಾಕ್ಷಾರಸಕ್ಕೆ ಎರಡು ಯಕಾರ ಹಾಕುತ್ತಿದ್ದರು, ಇಲ್ಲಿ ಒಂದೇ ಇದೆ. ಬಡಗಣ ಸೀಮೆಯ ಉಚ್ಚಾರಣೆಯೇ ಬೇರೆ ಇತ್ತು ಅನ್ನೋದಕ್ಕೆ ಅದೊಂದು ಅಕ್ಷರ ಸಾಕ್ಷಿ.

ಊರಿದೆ, ಹೆಸರಿದೆ, ವರ್ಷವಿದೆ. ದ್ರಾಕ್ಷಿ ಯಾವ ತಳಿ? ಒಂದು ಚೂರೂ ಹೇಳಲ್ಲ. ನಮ್ಮ ದಾನಶಾಸನಗಳೂ ಹಾಗೇ ತಾನೆ, ಇಷ್ಟು ಮತ್ತರು ಗದ್ದೆ ಅಂತ ಇರುತ್ತೆ, ಅದರಲ್ಲಿ ಬೆಳೆದ ಭತ್ತದ ಹೆಸರು ಯಾರು ಕೆತ್ತಿಸಿದ್ದಾರೆ? ದಕ್ಷಿಣದ ಯೆಹೂದ ಸೀಮೆಯ ಹೂಜಿಯೊಂದರ ಮೇಲೆ 'ಯಯ್ನ್ ಕಹಲ್' ಎಂದಿದೆ. ಕಡುಬಣ್ಣದ ರಸ ಅಂತ ಕೆಲವರ ಓದು, ಕಹಲ್ ಎಂಬ ಊರಿನ ರಸ ಅಂತ ಕೆಲವರದ್ದು. ಬಣ್ಣವೋ ಊರೋ ಎಂಬುದೇ ಇತ್ಯರ್ಥವಾಗದಿರುವಾಗ ತಳಿಯ ಮಾತೆಲ್ಲಿ ಬಂತು.

ಬೀಜಶಾಸ್ತ್ರಜ್ಞರ ಕೆಲಸವನ್ನು ನಾನು ಕಡೆಗಣಿಸ್ತಾ ಇಲ್ಲ. ನೆಗೆವ್ ಮರುಭೂಮಿಯ ಅವ್ದಾತ್‌ನಲ್ಲಿ ಸಿಕ್ಕ ಹಳೆಯ ಬೀಜಗಳ ಡಿಎನ್ಎ ಓದಿ 2023ರಲ್ಲಿ ಪ್ರಕಟಿಸಿದರು. ಒಂದು ಬೀಜಕ್ಕೆ ಹತ್ತಿರದ ನೆಂಟ ಸಿಕ್ಕಿದ್ದು ಲೆಬನಾನಿನ 'ಅಸ್ವದ್ ಕರೇಚ್' ತಳಿಯಲ್ಲಿ. ಅದು ಗಟ್ಟಿ ಪುರಾವೆ. ಆದರೆ ಅವ್ದಾತ್ ಕಥೆ ಬೈಜಾಂಟೈನ್ ಕಾಲದ್ದು, ದಾವೀದನಿಗೂ ಅದಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ.

ಇನ್ನು ಮರಾವಿ. ಅದರ ಇನ್ನೊಂದು ಹೆಸರು ಹಮ್ದಾನಿ. ಜಂದಾಲಿ, ದಬೂಕಿ, ಬಲದಿ ಅದರ ಜೊತೆಗಾರರು. ಬಲದಿ ಅಂದರೆ ಅರಬ್ಬಿಯಲ್ಲಿ 'ನಾಟಿ' ಅಂತಲೇ ಅರ್ಥ. ಇವನ್ನು ತಲೆಮಾರುಗಳಿಂದ ಉಳಿಸಿದವರಲ್ಲಿ ಹೆಬ್ರೋನ್, ಬೆತ್ಲೆಹೆಮ್ ಸುತ್ತಿನ ಪ್ಯಾಲೆಸ್ಟೀನ್ ರೈತರು ಮುಖ್ಯರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು, ಮದ್ಯ ಮಾಡುವವರಲ್ಲ. ಹಣ್ಣು ತಿನ್ನೋಕೆ, ಒಣದ್ರಾಕ್ಷಿಗೆ, ದಿಬ್ಸ್ ಎಂಬ ದ್ರಾಕ್ಷಿ ಕಾಕಂಬಿಗೆ, ಎಲೆಯಲ್ಲಿ ಅನ್ನ ಸುತ್ತಿ ಬೇಯಿಸೋಕೆ ಬಳ್ಳಿ ಬೆಳೆದರು. ವೈನ್ ಕುಡಿಯದವರು ವೈನ್ ದ್ರಾಕ್ಷಿ ಉಳಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ದೊಡ್ಡ ಸುದ್ದಿ ಇದೇ, ತಲೆಬರಹಕ್ಕೆ ಬಾರದೇ ಹೋದದ್ದೂ ಇದೇ. ಬೆತ್ಲೆಹೆಮ್ ಪಕ್ಕದ ಕ್ರೆಮಿಸಾನ್‌ನಲ್ಲಿ 1885ರಿಂದ ವೈನ್ ಮಾಡುತ್ತಿರುವ ಸಲೇಸಿಯನ್ ಪಾದ್ರಿಗಳು ರೆಕನಾಟಿಗಿಂತ ಮೊದಲೇ ಈ ತಳಿಗಳ ವೈನ್ ಬಾಟಲಿಗೆ ತುಂಬಿದ್ದರು. ಆ ಕಣಿವೆಯಲ್ಲೇ ಪ್ರತ್ಯೇಕತಾ ಗೋಡೆಯ ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು.

ಸಮಾರಿಯದ ಚೂರುಗಳಲ್ಲಿ ಒಂದು ಹಳೇ ಜಗಳ ಇದೆ. ಕೆಲವು ಹೆಸರುಗಳ ಹಿಂದೆ 'ಲ' ಅಕ್ಷರವಿದೆ. ಅದು 'ಅವನಿಗೆ' ಎಂದೂ ಆಗಬಹುದು, 'ಅವನದು' ಎಂದೂ ಆಗಬಹುದು. ಹೂಜಿ ಪಡೆದವನೋ, ತೋಟದ ಒಡೆಯನೋ? ವಿದ್ವಾಂಸರು ನೂರು ವರ್ಷದಿಂದ ಕಚ್ಚಾಡ್ತಾನೇ ಇದ್ದಾರೆ. ಆದರೂ ಆ ಗುಮಾಸ್ತ ರಸ ಬಂದ ಊರನ್ನು ಬರೆದಿಟ್ಟ. ಅವನು ಬರೆದ ಯಾಸಿತ್ ಇವತ್ತಿನ ಯಾಸಿದ್, ಕೊಸೊ ಇವತ್ತಿನ ಕೂಸಿನ್ ಎಂದು ಗುರುತಿಸಿದ್ದಾರೆ, ಎರಡೂ ಈಗಲೂ ಜನ ಇರುವ ಹಳ್ಳಿಗಳು.

ಮರಾವಿಯ ಮೊದಲ ಬಾಟಲಿಗಳಿಗೆ ದ್ರಾಕ್ಷಿ ಕೊಟ್ಟವನು ಪಶ್ಚಿಮ ದಂಡೆಯ ಒಬ್ಬ ಪ್ಯಾಲೆಸ್ಟೀನ್ ರೈತ. ರಾಜಕೀಯದ ಭಯಕ್ಕೆ ಅವನ ಹೆಸರನ್ನು ಎಲ್ಲೂ ಹೇಳಲಿಲ್ಲ.