ರೂನ್‌ಕ್ವೆಸ್ಟ್ ಕ್ರೀಡೆಯಲ್ಲಿ ಭೂತಬಂಧನ ವಿಚಾರ

ಗ್ರೆಗ್ ಸ್ಟಾಫರ್ಡ್ ಎಂಬವರು ಕಲ್ಪಿಸಿದ ಗ್ಲೊರಾಂಥಾ ಎಂಬ ಲೋಕವನ್ನು ಆಶ್ರಯಿಸಿ, ಸ್ಟೀವ್ ಪೆರಿನ್ ಮೊದಲಾದವರು ರಚಿಸಿದ ರೂನ್‌ಕ್ವೆಸ್ಟ್ ಎಂಬ ಪಾತ್ರಕ್ರೀಡೆಯು ಅಮೆರಿಕಾ ದೇಶದಲ್ಲಿ 1978ನೆಯ ಇಸವಿಯಲ್ಲಿ ಮೊದಲು ಪ್ರಕಟವಾಯಿತು. ಈ ಕ್ರೀಡೆಯಲ್ಲಿ ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಸೂತ್ರಧಾರನೊಬ್ಬನು ಕಥೆಯನ್ನು ನಡೆಯಿಸುವನು. ಸಂಶಯಸ್ಥಳಗಳಲ್ಲಿ ದಾಳವು ನಿರ್ಣಯ ಹೇಳುವುದು. 1984ರಲ್ಲಿ ಹೊರಟ ಮೂರನೆಯ ಆವೃತ್ತಿಯಲ್ಲಿರುವ ಭೂತಬಂಧನ ವಿಧಿಗಳನ್ನು ಮಾತ್ರ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವೆವು. ಆಟದ ಪುಸ್ತಕಕ್ಕೆ ವಿಮರ್ಶೆಯೇಕೆಂದು ಕೆಲವರು ಕೇಳಬಹುದು. ಪರಿಭಾಷೆ, ವಿಧಿ, ಅಪವಾದಗಳಿಂದ ಕೂಡಿದ ಯಾವ ಗ್ರಂಥವೇ ಆಗಲಿ ಶಾಸ್ತ್ರದಂತೆ ಪರೀಕ್ಷೆಗೆ ಅರ್ಹವೆಂಬುದು ನಮ್ಮ ಮತ.

ಮೊದಲು ಪರಿಭಾಷೆಯನ್ನು ನೋಡೋಣ. ಇಲ್ಲಿ ಭೂತವೆಂದರೆ ದೇಹವಿಲ್ಲದ ಜೀವಿ. ದೇಹಿಗಳಿಗೆ ಹೇಳಿರುವ ಗುಣಗಳಲ್ಲಿ ‘ಪವರ್’ ಎಂಬುದು ಭೂತಕ್ಕೂ ಉಂಟು. ಕೆಲವು ಜಾತಿಯ ಭೂತಗಳಿಗೆ ಬುದ್ಧಿಯೂ ಉಂಟು. ‘ಪವರ್’ ಎಂಬುದನ್ನು ನಾವು ಸತ್ತ್ವವೆಂದು ಕರೆಯುವೆವು. ಸಂಸ್ಕೃತದಲ್ಲಿ ಸತ್ತ್ವಶಬ್ದಕ್ಕೆ ಬಲವೆಂದೂ ಪಿಶಾಚಾದಿ ಜೀವಿಯೆಂದೂ ಎರಡರ್ಥಗಳಿರುವುದು ಇಲ್ಲಿ ಬಹು ಸೊಗಸಾಗಿ ಹೊಂದುತ್ತದೆ. ಸತ್ತ್ವದಿಂದ ಹುಟ್ಟುವ ಮಂತ್ರಬಲವು ದಿನದಿನವೂ ವ್ಯಯವಾಗಿ ಮರಳಿ ತುಂಬುವುದು; ಸತ್ತ್ವವಾದರೋ ಅದರ ಮೂಲಧನ.

ಭೂತಕ್ಕೂ ಮನುಷ್ಯನಿಗೂ ನಡೆವ ಯುದ್ಧದಲ್ಲಿ ಮಂತ್ರಬಲಕ್ಕೆ ಮಂತ್ರಬಲವೇ ಎದುರು. ಎರಡೂ ಸಮವಾಗಿದ್ದರೆ ಗೆಲವು ನೂರಕ್ಕೆ 50. ಅಂತರದ ಒಂದೊಂದು ಅಂಶಕ್ಕೆ 5ರಂತೆ ಏರುವುದು ಇಲ್ಲವೆ ಇಳಿಯುವುದು. ಸೋತವನ ಮಂತ್ರಬಲವು ಸ್ವಲ್ಪಸ್ವಲ್ಪವಾಗಿ ಕ್ಷಯಿಸುತ್ತ ಶೂನ್ಯಕ್ಕೆ ಬಂದಾಗ ಅವನು ಗೆದ್ದವನಿಗೆ ವಶನಾಗುವನು. ಭೂತವು ಸೋತರೆ, ಮೊದಲೇ ಸಿದ್ಧಪಡಿಸಿಟ್ಟ ಒಂದು ವಸ್ತುವಿನೊಳಗೆ ಅದನ್ನು ಬಂಧಿಸಬಹುದು.

ಆ ವಸ್ತುವನ್ನು ಸಿದ್ಧಪಡಿಸುವ ಕ್ರಮದಲ್ಲಿಯೇ ಗ್ರಂಥದ ಸಾರವಿದೆ. ಬಂಧಕನು ತನ್ನ ಸತ್ತ್ವದ ಒಂದು ಭಾಗವನ್ನು ಅದರೊಳಗೆ ಶಾಶ್ವತವಾಗಿ ತೆರಬೇಕು. ತೆತ್ತದ್ದು ತಾನಾಗಿ ಮರಳುವುದಿಲ್ಲ. ಬೇರೆ ಗಂಡಾಂತರಗಳಲ್ಲಿ ಗೆದ್ದು ಹೊಸದಾಗಿ ಸಂಪಾದಿಸಬೇಕು. ಇದರ ಫಲವೇನೆಂಬುದನ್ನು ಲೆಕ್ಕ ಹಾಕಿ ನೋಡಿ. ಸತ್ತ್ವ 15 ಉಳ್ಳವನೊಬ್ಬನು ಬಂಧನಕ್ಕಾಗಿ 3 ಅಂಶಗಳನ್ನು ತೆತ್ತನೆಂದು ಇಟ್ಟುಕೊಳ್ಳೋಣ. ಉಳಿದುದು 12. ಮಂತ್ರಬಲದ ಮಿತಿಯೂ ಅಷ್ಟಕ್ಕೇ ಇಳಿಯಿತು. ಮರುದಿನ 15ರ ಬಲವುಳ್ಳ ಇನ್ನೊಂದು ಭೂತವು ಎದುರಾದರೆ, ಹಿಂದೆ ಸರಿಸಮನಾಗಿ ನಿಲ್ಲಬಹುದಾಗಿದ್ದವನಿಗೆ ಈಗ ನೂರಕ್ಕೆ 35 ಮಾತ್ರವೇ ಆಸೆ. ಒಂದನ್ನು ಕಟ್ಟಿದವನು ಮತ್ತೊಂದಕ್ಕೆ ಬಾಗಿಲು ತೆರೆದಂತಾಯಿತು! ಲೋಭಿಯಾದ ಮಾಂತ್ರಿಕನು ಕೆಡುವನೆಂದು ಕಥೆಗಾರರು ಹೇಳುತ್ತ ಬಂದಿರುವರು. ಈ ಗ್ರಂಥಕಾರರು ಉಪದೇಶದ ಗೊಡವೆಗೆ ಹೋಗದೆ ಅಂಕಗಣಿತದಿಂದಲೇ ಅದನ್ನು ಸಾಧಿಸಿದ್ದಾರೆ. ಇದಕ್ಕೆ ಅವರನ್ನು ಎಷ್ಟು ಹೊಗಳಿದರೂ ಸಲ್ಲುವುದು.

ದೋಷವಿರುವುದು ಬಂಧನವಾದ ಮೇಲಿನ ವಿಧಿಗಳಲ್ಲಿ. ಕಟ್ಟಿದ ಭೂತದ ಮಂತ್ರಬಲವನ್ನು ಬಂಧಕನು ತನ್ನದೆಂಬಂತೆ ವ್ಯಯಿಸಬಹುದು. ಅದಕ್ಕೆ ಬುದ್ಧಿಯಿದ್ದರೆ ಆ ಬುದ್ಧಿಯು ಇವನ ಮಂತ್ರಗಳನ್ನಿಡುವ ಪೆಟ್ಟಿಗೆಯಾಗುವುದು. ಯುದ್ಧಕಾಲದಲ್ಲಿ ಪ್ರತಿಪಕ್ಷಿಯಾಗಿ ನಿಂತಿದ್ದ ಚೇತನವು ಬಂಧನದ ಮರುಕ್ಷಣದಲ್ಲಿ ಜಡವಾದ ಕೋಶವಾಯಿತು. ಯಾರು ಆ ವಸ್ತುವನ್ನು ಬಳಸಬಹುದೆಂಬ ನಿಬಂಧನೆಗಳನ್ನು, ಒಂದೊಂದಕ್ಕೆ ಒಂದೊಂದು ಅಂಶ ಸತ್ತ್ವವನ್ನು ತೆತ್ತು, ಸೇರಿಸಲು ಅವಕಾಶವುಂಟು. ಆದರೆ ಆ ನಿಬಂಧನೆಗಳು ಬಳಸುವವನ ಹಿತಕ್ಕಾಗಿ. ಕಟ್ಟಲ್ಪಟ್ಟುದರ ಮಾತನ್ನು ಕೇಳುವವರಾರು?

ಸೋಮದೇವನ ಕಥಾಸರಿತ್ಸಾಗರದಲ್ಲಿ ಬರುವ ವೇತಾಲನನ್ನು ಇಲ್ಲಿ ನೆನೆಯದಿರಲಾಗದು. ತ್ರಿವಿಕ್ರಮಸೇನನು ಅವನನ್ನು ಹೆಗಲ ಮೇಲೆ ಹೊತ್ತುಕೊಳ್ಳಬಲ್ಲನು, ವಶಪಡಿಸಿಕೊಳ್ಳಲಾರನು. ರಾಜನು ಬಾಯಿ ತೆರೆದರೆ ವೇತಾಲನು ಮರಳಿ ಶಿಂಶಪಾವೃಕ್ಷಕ್ಕೆ. ಕೊನೆಯ ಪ್ರಶ್ನೆಗೆ ಉತ್ತರ ತೋರದೆ ರಾಜನು ಮೌನದಿಂದ ನಡೆದಾಗ, ಮೆಚ್ಚಿದ ವೇತಾಲನೇ ಕ್ಷಾಂತಿಶೀಲನ ಕಪಟವನ್ನು ತಿಳಿಸಿ ಅವನ ಪ್ರಾಣವನ್ನುಳಿಸುವನು. ಅಲ್ಲಿ ಬಂಧನಕ್ಕೆ ಸಮಯವೇ, ಅಂದರೆ ಉಭಯರೂ ನಡೆಯಬೇಕಾದ ಕಟ್ಟಳೆಯೇ ಆಧಾರ. ರೂನ್‌ಕ್ವೆಸ್ಟಿನ ಪೆಟ್ಟಿಗೆಯೊಳಗಿನ ಭೂತವು ಯಾರನ್ನೂ ಎಚ್ಚರಿಸಲಾರದು. ಅದಕ್ಕೆ ಮೆಚ್ಚಲು ಸಂದರ್ಭವೇ ಇಲ್ಲ.

ಆಟವೆಂದ ಮೇಲೆ ಸಂಖ್ಯೆಗಳು ಬೇಕು, ಭೂತದ ಮನಸ್ಸನ್ನು ಅಳೆಯುವುದೆಂತು ಎಂಬ ಪೂರ್ವಪಕ್ಷವು ದುರ್ಬಲ. ಇದೇ ಗ್ರಂಥದ ಶಮನ್ ಪ್ರಕರಣವೇ ಅದಕ್ಕೆ ಉತ್ತರ. ಶಮನ್ ಎಂಬ ಭೂತವೈದ್ಯನಿಗೆ ‘ಫೆಚ್’ ಎಂಬ ಸಹಚರಭೂತವುಂಟು. ಅವನು ದೇಹವನ್ನು ಬಿಟ್ಟು ಭೂತಲೋಕದಲ್ಲಿ ಸಂಚರಿಸುವಾಗ ಅದು ದೇಹವನ್ನು ಕಾಯುವುದು. ಅವನು ತನ್ನ ಸತ್ತ್ವವನ್ನೆರೆದು ಅದನ್ನು ಬೆಳೆಸುವನು. ಇಲ್ಲಿಯೂ ಸಂಖ್ಯೆಗಳಿವೆ, ಆದರೂ ಸಂಬಂಧವು ಕೆಟ್ಟಿಲ್ಲ. ಸ್ಟಾಫರ್ಡರು ಸ್ವತಃ ಶಮನ್ ಮಾರ್ಗದ ಅಭ್ಯಾಸಿಗಳಾಗಿದ್ದುದರಿಂದ ಈ ಭಾಗಕ್ಕೆ ಜೀವ ಬಂದಿರಬಹುದೆಂದು ನಮ್ಮ ಊಹೆ.

ಸೂತ್ರಧಾರರಾಗಿ ಆಡಿಸುವವರಿಗೆ ಒಂದು ಸೂಚನೆ. ಬಳಸುವವನ ನಿಬಂಧನೆಗೆ ಒಂದು ಅಂಶ ಸತ್ತ್ವವನ್ನು ಕೇಳುವಂತೆಯೇ, ಇಷ್ಟು ಋತುಗಳು ಕಳೆದ ಬಳಿಕ ಬಿಡುಗಡೆ ಮಾಡುವೆನೆಂದು ಬಂಧಕನು ಭೂತಕ್ಕೆ ಮಾತು ಕೊಟ್ಟಲ್ಲಿ ತೆರಬೇಕಾದುದರಲ್ಲಿ ಒಂದು ಅಂಶವನ್ನು ಬಿಟ್ಟುಕೊಡಬಹುದು. ಮಾತಿಗೆ ತಪ್ಪಿದ ದಿನ ಆ ಒಂದು ಅಂಶವನ್ನು ಅವನ ಸತ್ತ್ವದಿಂದಲೇ ಕಳೆಯತಕ್ಕುದು.