ಹೊರಗೋಡೆ ನೋಡಿ ಅಳೆದ ಗುಡಿಗಳು

ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಬಗ್ಗೆ ಬರೆದ ಅನೇಕರು ಅವನ್ನು ದಾರಿ ನಡುವಿನ ತಂಗುದಾಣದಂತೆ ಕಂಡಿದ್ದಾರೆ. ಹಿಂದೆ ಪಟ್ಟದಕಲ್ಲು, ಮುಂದೆ ಹಳೇಬೀಡು, ನಡುವೆ ಇವು. ಹಾವೇರಿ ಜಿಲ್ಲೆಯ ಹಾನಗಲ್ಲು, ಬಂಕಾಪುರ, ಅಬ್ಬಲೂರು, ರಟ್ಟಿಹಳ್ಳಿಗಳ ಗುಡಿಗಳಿಗೆ ಈ ನೋಟದಿಂದ ಅನ್ಯಾಯವಾಗಿದೆ.

ಇದರ ಬೇರು ವಿಕ್ಟೋರಿಯಾ ರಾಣಿಯ ಕಾಲದಲ್ಲಿದೆ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ 1866ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಅದರ ಛಾಯಾಚಿತ್ರಗಳು ಪಿಗೊ, ನೀಲ್, ಬಿಗ್ಸ್ ಎಂಬ ಮೂವರವು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಊರೂರಿಗೂ ಗೋಥಿಕ್ ಮಾದರಿಯ ಚರ್ಚುಗಳು ಏಳುತ್ತಿದ್ದವು. ಮಧ್ಯಯುಗವನ್ನು ನಕಲು ಮಾಡುವ ಆ ಹುಮ್ಮಸ್ಸು ಫರ್ಗುಸನ್ನನಿಗೆ ಹಿಡಿಸಿರಲಿಲ್ಲ. ತನ್ನ ದೇಶದಲ್ಲಿ ಕಾಣದ ಜೀವಂತ ಪರಂಪರೆಯನ್ನು ಅವನು ಭಾರತದ ಶಿಲ್ಪಿಗಳಲ್ಲಿ ಕಂಡ. ಅದಕ್ಕಾಗಿ ಅವನಿಗೆ ನಾವು ಋಣಿಗಳೇ. ಆದರೆ 1876ರ ತನ್ನ ಗ್ರಂಥದಲ್ಲಿ ಅವನು ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್‌ಗೆ ಎದುರಾಗಿ ನಿಲ್ಲಿಸಿ ಕೊಂಡಾಡಿದ ಮೇಲೆ ಹೊರಗೋಡೆಯ ಶಿಲ್ಪದ ದಟ್ಟಣೆಯೇ ಎಲ್ಲದಕ್ಕೂ ಅಳತೆಗೋಲಾಯಿತು.

ಆ ಅಳತೆಗೋಲು ಹಿಡಿದು ಹಾನಗಲ್ಲಿನ ತಾರಕೇಶ್ವರನಿಗೆ ಹೋದವರು ನಿರಾಶರಾಗುವುದು ಸಹಜ. ಗೋಡೆಗಳ ಮೇಲೆ ಅರೆಗಂಬ ಮತ್ತು ಪುಟ್ಟ ಶಿಖರಗಳ ಅಲಂಕಾರವಿದೆ ನಿಜ, ಆದರೆ ಬೇಲೂರಿನ ಮದನಿಕೆಯರ ಮುಂದೆ ಅದು ಬಡವಾಗಿಯೇ ಕಾಣುತ್ತದೆ. ಒಳಗೆ ಕಾಲಿಟ್ಟ ಮೇಲೆ ಲೆಕ್ಕ ಬದಲಾಗುತ್ತದೆ. ದೊಡ್ಡ ತೆರೆದ ಮಂಟಪದ ನಡುವೆ ನಿಂತು ತಲೆಯೆತ್ತಿ ನೋಡಿ, ಎಂಟು ಮೂಲೆಯ ಭುವನೇಶ್ವರಿ ಛಾವಣಿ ಕಾಣುತ್ತದೆ. ಇದರಲ್ಲಿ ಕಮಾನಿನ ಉಪಾಯವಿಲ್ಲ. ಒಂದು ಸುತ್ತು ಕಲ್ಲಿನ ಮೇಲೆ ಇನ್ನೊಂದು ಸುತ್ತನ್ನು ತುಸು ಒಳಕ್ಕೆ ಚಾಚಿ ಕೂರಿಸಿದ್ದಾರೆ. ಹಿಂದಿನ ಭಾರವೇ ಮುಂದೆ ಚಾಚಿದ ತುದಿಯನ್ನು ಹಿಡಿದಿಡುತ್ತದೆ. ಸುತ್ತುಗಳು ಹೀಗೆ ಕಿರಿದಾಗುತ್ತ ಹೋಗಿ ನಡುವಿನಲ್ಲಿ ಕಮಲವೊಂದು ಎಸಳೆಸಳಾಗಿ ಕೆಳಗಿಳಿದಿದೆ. ಅಷ್ಟು ತೂಕದ ಕಲ್ಲು ತಲೆಯ ಮೇಲಿದ್ದರೂ ಅದು ಭಾರವೆನಿಸುವುದಿಲ್ಲ. ಕನ್ನಡ ನಾಡಿನ ಅತಿ ದೊಡ್ಡ ಕಲಾಕೃತಿಗಳ ಪಟ್ಟಿ ಮಾಡಿದರೆ ಈ ಛಾವಣಿಗೆ ನಾನು ಮೊದಲ ಸಾಲಿನಲ್ಲೇ ಜಾಗ ಕೊಡುತ್ತೇನೆ.

ಇಂಥ ಕೆಲಸ ಸಾಧ್ಯವಾದದ್ದು ಕಲ್ಲು ಬದಲಾದದ್ದರಿಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದ್ದು ಮರಳುಗಲ್ಲು. ಹನ್ನೊಂದು, ಹನ್ನೆರಡನೆಯ ಶತಮಾನದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದರು. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಂಬವನ್ನು ತಿರುಗಣಿಗೆ ಕೊಟ್ಟು ಕಡೆಯಲು ಬಂದದ್ದು ಈ ಗುಣದಿಂದಲೇ. ಕಂಬದ ಕೊರಳ ಬಳಿ ಬೆರಳಾಡಿಸಿದರೆ ಒಂದರ ಪಕ್ಕ ಒಂದು ಚೂಪಾದ ಬಳೆಗಳು ತಾಗುತ್ತವೆ. ಅಷ್ಟು ಕರಾರುವಾಕ್ಕಾದ ಅಂಚು ಬರೀ ಉಳಿಯಿಂದ ಬರುವಂಥದ್ದಲ್ಲ.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ಇಂಥ ಕಂಬಗಳದೇ ಒಂದು ತೋಪಿದೆ. ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎಂದೇ ಕರೆಯುತ್ತಾರೆ. ಜೈನಾಚಾರ್ಯ ಗುಣಭದ್ರರ ಉತ್ತರಪುರಾಣ 898ರಲ್ಲಿ ಪೂಜೆಗೊಂಡ ಊರು ಇದು. ಹೊಯ್ಸಳ ವಿಷ್ಣುವರ್ಧನ ಕೊನೆಯ ದಿನಗಳನ್ನು ಕಳೆದದ್ದೂ ಇಲ್ಲೇ. ಈ ಪರಂಪರೆಯ ತೆರೆದ ಮಂಟಪಗಳ ಅಂಚಿನಲ್ಲಿ ಒರಗಿ ಕೂರಲು ಕಕ್ಷಾಸನಗಳಿರುತ್ತವೆ. ಊರವರು ಬಂದು ಕೂರಲಿ ಎಂದೇ ಕಟ್ಟಿದ ಜಾಗವದು. ದತ್ತಿಯ ಶಾಸನ ನಿಲ್ಲುತ್ತಿದ್ದದ್ದೂ ಗುಡಿಯ ಆವರಣದಲ್ಲೇ. ಗರ್ಭಗುಡಿ ಕಿರಿದು, ಕತ್ತಲೆ; ಕಟ್ಟಿದವರ ಮನಸ್ಸೆಲ್ಲ ಮಂಟಪದ ಕಡೆಗಿತ್ತು. ಇದನ್ನು ಅರಿಯದ ವಿಮರ್ಶೆ ಅರ್ಧ ಗುಡಿಯನ್ನಷ್ಟೇ ನೋಡಿದಂತೆ.

ಹಾಗೆಂದು ಕುಂದುಗಳೇ ಇಲ್ಲವೆನ್ನಲಾರೆ. ಒಂದೇ ನಮೂನೆಯ ಕಂಬ ಹಲವು ಗುಡಿಗಳಲ್ಲಿ ಮರಳಿ ಬರುತ್ತದೆ, ಕೈಚಳಕವೇ ಕಲ್ಪನೆಯ ಜಾಗ ಹಿಡಿದ ಎಡೆಗಳೂ ಇವೆ. ಹಳೆಯ ಹಿರೇಕೆರೂರು ತಾಲ್ಲೂಕಿನ ರಟ್ಟಿಹಳ್ಳಿಯ ತ್ರಿಕೂಟ ಕದಂಬೇಶ್ವರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರು ಗರ್ಭಗುಡಿಗಳನ್ನು ಒಂದೇ ಮಂಟಪಕ್ಕೆ ಸೇರಿಸಿದ ಜಾಣ್ಮೆ, ಬಿಡಿ ಶಿಲ್ಪಗಳಲ್ಲ.

1995ರಲ್ಲಿ ಆಡಂ ಹಾರ್ಡಿ ‘ಕರ್ಣಾಟ ದ್ರಾವಿಡ’ ಎಂಬ ಹೆಸರಿನಡಿ ಏಳರಿಂದ ಹದಿಮೂರನೆಯ ಶತಮಾನದವರೆಗಿನ ಗುಡಿಗಳನ್ನು ಒಂದೇ ಬೆಳವಣಿಗೆಯಾಗಿ ಓದಿದರು. ಪುಟ್ಟ ಗುಡಿಯಾಕಾರಗಳು ದೊಡ್ಡ ಗುಡಿಯೊಳಗಿಂದ ಹೊರಹೊಮ್ಮುವ ಬಗೆಯನ್ನು ಅವರು ವಿವರಿಸಿದ ಮೇಲೆ ಹಾನಗಲ್ಲಿನ ಹೊರಗೋಡೆಗೂ ಅರ್ಥ ಬಂತು. ಆದರೂ ಆ ಓದು ಆಕಾರದ ಓದು. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಅಷ್ಟು ಸಾಲದು. ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣತೊಟ್ಟು ತಲೆ ಕತ್ತರಿಸಿಕೊಂಡು ಮರಳಿ ಪಡೆದು, ಅವರ ಜಿನಬಿಂಬವನ್ನು ಮುರಿದ ಕತೆ ಹೇಳುತ್ತದೆ. ಅರಸ ಬಿಜ್ಜಳ ಕೊಟ್ಟ ಜಯಪತ್ರದ ಮಾತು, ಹಾನಗಲ್ಲಿನ ಕದಂಬ ಕಾಮದೇವನ ದತ್ತಿಯ ಮಾತು ಅದರಲ್ಲಿವೆ. ಪಕ್ಕದ ಶಿಲ್ಪಗಳಿಗೆ ಕನ್ನಡದಲ್ಲಿ ಹೆಸರು ಕೊರೆದಿದ್ದಾರೆ. ರಾಮಾಯಣ, ಮಹಾಭಾರತ ಬಿಟ್ಟು ತಮ್ಮೂರಿನಲ್ಲೇ ನಡೆದ ಜಗಳವನ್ನು ಕಲ್ಲಿಗಿಳಿಸಿದ ಆ ಶಿಲ್ಪಿಗಳ ಎದೆಗಾರಿಕೆ ದೊಡ್ಡದು. ಆದರೆ ಅದು ಗೆದ್ದವರು ಬರೆಸಿದ ಕತೆ. ಮುರಿದ ಜಿನಬಿಂಬದ ಕಡೆಯವರ ಮಾತಿಗೆ ಆ ಗುಡಿಯಲ್ಲಿ ಒಂದು ಸಾಲೂ ಸಿಕ್ಕಿಲ್ಲ. ಕೆತ್ತನೆಯನ್ನು ಮೆಚ್ಚುವಾಗ ಇದನ್ನೂ ಸೇರಿಸಿ ಓದಬೇಕು.