ಮಾಹುಲಿ: ಠಾಣೆಯ ನೆತ್ತಿ

ಕಲ್ಯಾಣದಿಂದ ಕಸಾರಾ ಲೋಕಲ್ ಹಿಡಿದು ಆಸನಗಾಂವ್ ತಲುಪುವಷ್ಟರಲ್ಲಿ ಮಾಹುಲಿ ಬೆಟ್ಟ ಕಣ್ತುಂಬ ಕಾಣುತ್ತದೆ. ಎತ್ತರ ಸುಮಾರು 858 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಕೊಂಕಣದ ಬಯಲಿನಿಂದ ನೆಟ್ಟಗೆ ಎದ್ದ ಈ ಕಪ್ಪು ಗೋಡೆಯ ಗತ್ತು ಬೇರೆಯೇ.

ದಖ್ಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾಯಿತು. ಮಳೆ ಮೆದು ಭಾಗವನ್ನು ಕೊರೆದು ಒಯ್ದಿತು. ಗಟ್ಟಿ ಬಸಾಲ್ಟ್ ಕಂಬಗಳಾಗಿ ನಿಂತಿತು. ವಜೀರ್, ನವರಾ, ನವರಿ ಎಂದು ಜನ ಅವಕ್ಕೆ ಹೆಸರಿಟ್ಟಿದ್ದಾರೆ. ನೆಟ್ಟಗೆ ನಿಂತ ವಜೀರನನ್ನು ಹಗ್ಗವಿಲ್ಲದೆ ಏರುವ ಮಾತೇ ಇಲ್ಲ. ಸಹ್ಯಾದ್ರಿಯ ಶಿಲಾರೋಹಿಗಳಿಗೆ ಅದು ನಿಜವಾದ ಪರೀಕ್ಷೆ.

ಬೆಟ್ಟದ ಮೇಲಿನ ಕೋಟೆಯ ದಾರಿ ಕಾಡಿನೊಳಗಿಂದ ಏರುತ್ತದೆ. ಕೊನೆಯಲ್ಲಿ ಕಬ್ಬಿಣದ ಏಣಿ, ಮೇಲೆ ಮಹಾದರವಾಜೆಯ ಅವಶೇಷ, ಕಾವಲುಗಾರರ ಕಟ್ಟೆ, ಬಂಡೆಯಲ್ಲಿ ಕಡೆದ ನೀರಿನ ತೊಟ್ಟಿ. ಪಳಸಗಡ, ಮಾಹುಲಿ, ಭಂಡಾರಗಡ ಎಂಬ ಮೂರು ಕೋಟೆಗಳು ಒಂದೇ ಬೆಟ್ಟದ ಮೇಲಿವೆ.

1636ರಲ್ಲಿ ಅಹಮದ್‌ನಗರದ ನಿಜಾಮಶಾಹಿಯನ್ನು ಉಳಿಸಲು ಹೋರಾಡಿದ, ಶಿವಾಜಿಯ ತಂದೆ ಶಹಾಜಿ ಭೋಸಲೆ ಕೊನೆಗೆ ಶರಣಾದದ್ದು ಇಲ್ಲೇ. ಆಮೇಲೆ ಬಿಜಾಪುರದ ಆದಿಲಶಾಹಿ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದ, ಬೆಂಗಳೂರಿನ ಜಹಗೀರು ಪಡೆದ. 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲಿದೆ. 1665ರ ಪುರಂದರ ಒಪ್ಪಂದದಲ್ಲಿ ಮೊಘಲರ ಪಾಲಾದ ಮಾಹುಲಿಯನ್ನು ಮರಾಠರು 1670ರಲ್ಲಿ ಮರಳಿ ಗೆದ್ದರು.

ಡೊಂಬಿವಲಿ, ಠಾಣೆಯ ಕನ್ನಡಿಗರು ಈ ಬೆಟ್ಟವನ್ನು ಒಮ್ಮೆಯಾದರೂ ಹತ್ತಬೇಕು. ನಮ್ಮ ಬೆಂಗಳೂರಿನ ಚರಿತ್ರೆಯ ಒಂದು ತಿರುವು ಇದರ ಮೇಲೆಯೇ ನಡೆದಿದೆ.